ಹಗ್ಗದ ಆ ತುದಿ

ಒಂಟಿಕೊಪ್ಪಲು, ನಾಲ್ಕನೇ ಅಡ್ಡರಸ್ತೆ, ಬೆಳಿಗ್ಗೆ ಏಳು.
ಲಗೇಜ್ ಆಟೊಗೆ ಹಲಗೆ ಆನಿಸಿ
ಇದನ್ನು ಹಿಂದುಹಿಂದಾಗಿ ಇಳಿಸುತ್ತೇನೆ,
ಹಟಮಾರಿ ಕರುವನ್ನು ಕೊಟ್ಟಿಗೆಯಿಂದ ಎಳೆದ ಹಾಗೆ.
ಎರಡು ಚಕ್ರ, ಒಂದು ಬಾಯಿ, ಆರೂವರೆ ಕುದುರೆಯ ಶಕ್ತಿ.
ಕುದುರೆಗಳೆಲ್ಲಿ ಎಂದು ಹುಡುಗನೊಬ್ಬ ಬಗ್ಗಿ ನೋಡುತ್ತಾನೆ.
ಆ ಅರ್ಧ ಕುದುರೆಯದೇ ಅವನಿಗೆ ಚಿಂತೆ.

ಬಸರಾಳಿನಲ್ಲಿ ಕಬ್ಬಿನ ಸೋಗೆ ಪುಡಿ ಮಾಡುತ್ತಿದ್ದ ಯಂತ್ರ.
ಮಾರಿದವರು ಹೇಳಿದ್ದರು:
"ಮಣಿಕಟ್ಟಿನ ದಪ್ಪ ಕೊಡು, ತಿಂತದೆ.
ತೋಳಿನ ದಪ್ಪ ಕೊಟ್ಯೋ, ತೋಳನ್ನೇ ಕೇಳ್ತದೆ."

ಮೊದಲು ನಾವಿಬ್ಬರಿದ್ದೆವು.
ಮೇಲೆ ನಾನು, ಕೆಳಗೆ ಸಿಲ್ವೆಸ್ಟರ್.
ಕೊಂಬೆ ಮುರಿಯುವ ಮೊದಲು ಒಂದು ಸದ್ದು ಬರುತ್ತದೆ,
ಪಕ್ಕದ ಕೋಣೆಯಲ್ಲಿ ಯಾರೋ ಹಪ್ಪಳ ಮುರಿದಷ್ಟು.
ಅದು ನನಗಿಂತ ಮೊದಲು ಅವನಿಗೆ ಕೇಳುತ್ತಿತ್ತು.
"ಜವರಾ, ಬಿಡು" ಅನ್ನುತ್ತಿದ್ದ. ಬಿಡುತ್ತಿದ್ದೆ.
ಬುಡಕ್ಕೆ ಎರಡು ಸುತ್ತು ಹಗ್ಗ ಸುತ್ತಿ
ಕೊಂಬೆಯನ್ನು ಅವನು ಇಳಿಸುತ್ತಿದ್ದ ಬಗೆಗೆ
ದಾಸವಾಳದ ಮೊಗ್ಗೂ ಅಲುಗುತ್ತಿರಲಿಲ್ಲ.

ಈಗ ಅವನ ಬಲಭುಜ ಮೇಲೇಳುವುದಿಲ್ಲ.
ಬನ್ನಿಮಂಟಪದ ಬೇಕರಿಯೊಂದರಲ್ಲಿ ಎಡಗೈಲಿ ಲೆಕ್ಕ ಬರೆಯುತ್ತಾನೆ.
ಯಂತ್ರ ತಿನ್ನದ ದಪ್ಪ ತುಂಡೆಲ್ಲ ಆ ಬೇಕರಿಯ ಒಲೆಗೇ.
ಹೊಗೆಯ ವಾಸನೆ ಹಿಡಿದು ಕೇಳುತ್ತಾನೆ:
"ಮಳೆಮರ ತಾನೇ? ಹಸಿ ತಂದಿದ್ದೀಯ."

ಕೂಲಿಯವನು ದಿನಕ್ಕೆ ಸಾವಿರ ಕೇಳುತ್ತಾನೆ,
ಸೋಮವಾರ ಬರುವುದಿಲ್ಲ.
ಇದು ಎರಡು ಲೀಟರು ಕುಡಿದರೂ ಸೋಮವಾರ ಬರುತ್ತದೆ.
ಏರು, ಕೊಯ್ಯಿ, ಇಳಿ, ಉಣಿಸು. ಮತ್ತೆ ಏರು.
ಇದಕ್ಕೂ ನಾಲಿಗೆಯಿದೆ:
ಹೊಂಗೆಯೆಂದರೆ ಸೌತೆಕಾಯಿ,
ತೆಂಗಿನ ಗರಿಯ ನಾರು ಗಂಟಲಿಗೆ ಸುತ್ತಿ ಕೆಮ್ಮುತ್ತದೆ.
ಸಂಪಿಗೆ ಉಣಿಸಿದ ದಿನ ಬೀದಿಗೆ ಬೀದಿಯೇ ಮದುವೆಮನೆ,
ಗೇಟುಗಳು ತೆರೆದು ಹೆಂಗಸರು ಹೊರಬಂದರು,
ನನ್ನನ್ನು ಕಂಡು ಒಳಹೋದರು.

ಹೋದ ತಿಂಗಳು ಯಾದವಗಿರಿಯಲ್ಲಿ
ಕವೆಯೊಂದು ನನ್ನ ತೋಳಿನ ಗುಂಡಿಗೆ ಸಿಕ್ಕಿತು.
ರೆಂಬೆ ಒಳಗೆ ಹೋಗುತ್ತಿತ್ತು. ಅಂಗಿ ಹೋಗುತ್ತಿತ್ತು.
ಕೆಂಪು ಗುಂಡಿ ಒಂದು ಮಾರು ದೂರ.
ಹೊಲಿಗೆ ಹಳತು, ಅದಕ್ಕೇ ಕೈ ಉಳಿಯಿತು.
ಆಚೆ ಬದಿಯ ಹಸಿರು ರಾಶಿಯ ಮೇಲೆ
ನೀಲಿ ಬಟ್ಟೆಯ ಚೂರುಗಳು, ಅಕ್ಷತೆಯಷ್ಟು ಸಣ್ಣ.
ಕುಳಿತು ಒಂದೊಂದೇ ಆರಿಸಿದೆ.
ಯಾಕೆ ಆರಿಸಿದೆ? ಗೊತ್ತಿಲ್ಲ.
ಮನೆಯಲ್ಲಿ ಹೇಳಿಲ್ಲ. ಅರ್ಧತೋಳಿನ ಅಂಗಿ ಕೊಂಡೆ, ಅಷ್ಟೆ.

ಇವತ್ತು ಈ ಹೊಂಗೆ.
ಪಾಲಿಕೆಯ ಚೀಟಿ ಜೇಬಲ್ಲಿದೆ: ತಂತಿಗೆ ತಾಗುವ ಮೂರು ಕೊಂಬೆ ಮಾತ್ರ.
ಹೆಸರು ಕೇಳಿ ಮನೆಯೊಡತಿ ನಕ್ಕರು,
"ಮರಕ್ಕೆ ಸರಿಯಾದವನೇ ಬಂದಿದ್ದೀಯ, ಜವರಾಯ."
ಮರದ ಕೆಳಗೆ ಇಸ್ತ್ರಿ ಗಾಡಿ.
ಮಾಚಪ್ಪ ಕೆಂಡ ಊದುವುದು ಬಿಟ್ಟು ಕೇಳಿದ,
"ನನ್ನ ನೆರಳಲ್ಲಿ ಎಷ್ಟು ಒಯ್ತೀಯಪ್ಪ?"
ಗಾಡಿಯ ಮೇಲೆ ಗೇಣು ಹಾಕಿ ತೋರಿಸಿದೆ: ಇಲ್ಲಿಂದ ಇಲ್ಲಿಗೆ.
ಅವನು ಗಾಡಿಯನ್ನು ಒಂದೂವರೆ ಅಡಿ ಸರಿಸಿದ,
ಸೊಸೈಟಿಯ ಕ್ಯೂನಲ್ಲಿ ಜಾಗ ಬಿಟ್ಟವನಂತೆ.

ಆಮೇಲೆ ನಾನು ಕೇಳಿದೆ,
ಕೇಳಲು ನಾಚಿಕೆಯಾಯಿತು, ಆದರೂ:
"ನಾನು ಉಣಿಸುವಾಗ ಇಲ್ಲೊಂಚೂರು ನಿಲ್ತೀರಾ?
ಈ ಕೆಂಪು ಗುಂಡಿ ಒತ್ತೋದಷ್ಟೇ."
"ಯಾವಾಗ ಒತ್ತಬೇಕು?"
"ನಾನು ಕೂಗಿದಾಗ.
ಕೂಗದೇ ಇದ್ದರೆ ಇನ್ನೂ ಬೇಗ."

ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ ಬಂದ.
ಬೆರಳನ್ನು ಪಂಚೆಗೆ ಒರೆಸಿ ಗುಂಡಿಯ ಹತ್ತಿರ ಹಿಡಿದ,
ಬಿಸಿ ನೋಡಲು ಹಿಡಿದಂತೆ.

ಮೊದಲ ಕೊಂಬೆ ಅರ್ಧ ಹೋಗಿತ್ತು, ಒತ್ತಿಬಿಟ್ಟ.
ಬೀದಿ ಕಿವಿಯಲ್ಲಿ ಗುಂಯ್ಗುಟ್ಟಿತು.
"ಏನಾಯ್ತು?"
"ಏನೋ ಸದ್ದು ಬಂತು ಕಣಪ್ಪಾ."
ಎದುರು ಮನೆಯ ಕುಕ್ಕರು.
ಮತ್ತೆ ಹಗ್ಗ ಎಳೆದು ಚಾಲೂ ಮಾಡಿದೆ. ಮತ್ತೆ ನಿಲ್ಲಿಸಿದ,
ನನ್ನ ಮುಖ ಸರಿಯಿರಲಿಲ್ಲವಂತೆ.

ಮೂರನೇ ಸಲ
ಬೈಯಲೆಂದು ಬಾಯಿ ತೆರೆದವನು
ನೀರು ಕೇಳಿದೆ.